ಕರಿ ಟೇಪಿನ ಹಿಂದಿನ ಕಣ್ಣು

ಬೀಗ ರಿಪೇರಿ ಮಾಡುವವನಿಗೆ ಬೀಗದ ಮೇಲೆ ನಂಬಿಕೆ ಇರುವುದಿಲ್ಲ, ಅಂಗಡಿಯಲ್ಲಿ ತಿಂಡಿ ಕರಿಯುವವನು ತನ್ನ ಬಾಣಲೆಯ ತಿಂಡಿಯನ್ನು ತಾನೇ ಮುಟ್ಟದ ಹಾಗೆ. ಎಂಥ ಗಟ್ಟಿ ಬೀಗವಾದರೂ ಒಂದು ಸಣ್ಣ ತಂತಿ, ಒಂದಿಷ್ಟು ತಾಳ್ಮೆ ಇದ್ದರೆ ಬಾಯಿ ಬಿಡುತ್ತದೆ ಎಂಬುದು ಅವನಿಗೆ ಗೊತ್ತು. ಜನ ಬೆಳಿಗ್ಗೆ ಮನೆಗೆ ಬೀಗ ಜಡಿದು, ಎರಡು ಸಲ ಎಳೆದು ನೋಡಿ, ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಕಂಡಾಗಲೆಲ್ಲ ಚಿಲಕಪ್ಪನಿಗೆ ಅಯ್ಯೋ ಪಾಪ ಅನಿಸುತ್ತಿತ್ತು.

ಚಿಲಕಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಬೀದಿಯ ತಿರುವಿನಲ್ಲಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಬೀರುವಿನಷ್ಟು ಅಗಲದ ಅಂಗಡಿ ಅವನದು. ಒಳಗೆ ಒಬ್ಬನೇ ಕೂರಬಹುದು, ಅದೂ ಮೊಣಕಾಲು ಮಡಚಿಕೊಂಡು. ಗೋಡೆ ತುಂಬ ಮೊಳೆ, ಮೊಳೆಗೊಂದು ಗೊಂಚಲು ಬೀಗದ ಕೈ. ಮುಂದೆ ಒಂದು ಹಲಗೆ, ಅದರ ಮೇಲೆ ಇಕ್ಕಳ, ಸಣ್ಣದೂ ದೊಡ್ಡದೂ ಅರಗಳು, ಹಿತ್ತಾಳೆಯ ಪುಡಿ. ಬೀಗದ ಕೈ ಕಳೆದುಕೊಂಡವರು ಬಂದು ನಿಂತರೆ ಅವನು ತಲೆ ಎತ್ತದೆಯೇ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ನಿಮ್ಮ ಮನೆಯೇ ಅಂತ ಏನು ಸಾಕ್ಷಿ?"

ಒಮ್ಮೆ ಒಬ್ಬ ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಬಂದು ಮನೆ ಬಾಗಿಲು ತೆಗೆದುಕೊಡಿ ಎಂದ. ಚಿಲಕಪ್ಪ ಅವನ ಜೊತೆ ಹೋದವನು, ಪಕ್ಕದ ಮನೆಯವರು ಬಂದು "ಇವರದೇ ಮನೆ" ಎಂದು ಹೇಳುವ ತನಕ ತಂತಿ ಹೊರಗೆ ತೆಗೆಯಲಿಲ್ಲ. ಅವರು ಬಂದು ಹೇಳಿದರು. ಆಗ ಅವನಿಗೆ ಪಕ್ಕದ ಮನೆಯವರ ಮೇಲೇ ಅನುಮಾನ ಬಂತು. ಇಬ್ಬರೂ ಸೇರಿಕೊಂಡಿದ್ದರೆ?

"ನಿಮ್ಮ ನೆರಳು ನಿಮ್ಮ ಹಿಂದೆ ಬಂದ್ರೂ ಯಾಕೆ ಬಂದೆ ಅಂತ ಕೇಳೋ ಜನ ನೀವು," ಎಂದು ಹೆಂಡತಿ ಆ ದಿನ ನಕ್ಕಿದ್ದಳು. ಅವಳ ನಾಲಿಗೆಗೆ ಅವನ ಯಾವ ಅರವೂ ಸಾಟಿಯಲ್ಲ.

ಅವರ ಮನೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿ, ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಒಂದೇ ಬಾಗಿಲು. ಆ ಬಾಗಿಲನ್ನು ನೋಡಲೆಂದೇ ಜನ ಮೆಟ್ಟಿಲು ಹತ್ತಿ ಬಂದದ್ದುಂಟು. ಮೇಲೆ ಕೈಬೆರಳು ದಪ್ಪದ ಚಿಲಕ. ಅದರ ಕೆಳಗೆ ಸರಪಳಿ. ನಡುವೆ ದೊಡ್ಡ ಬೀಗ. ಎಲ್ಲಕ್ಕಿಂತ ಕೆಳಗೆ, ನೆಲದಿಂದ ಗೇಣು ಮೇಲೆ, ಅವನೇ ಕೈಯಾರೆ ಮಾಡಿದ ಇನ್ನೊಂದು ಬೀಗ. ಅದನ್ನು ಒಳಗಿನಿಂದ ತೆಗೆಯಬೇಕಾದರೂ ಬೀಗದ ಕೈ ಬೇಕು. ಆ ಬೀಗದ ಕೈ ಇರುವುದೆಲ್ಲಿ ಎಂದು ಗೊತ್ತಿದ್ದವರು ಇಬ್ಬರೇ, ಅವನು ಮತ್ತು ಅವಳು: ಗೋಡೆ ಗಡಿಯಾರದ ಹಿಂದೆ, ಒಂದು ಸಣ್ಣ ಕೊಕ್ಕೆಯಲ್ಲಿ.

ಹಗಲು ಅವನು ಅಂಗಡಿಯಲ್ಲಿರುವಾಗ ಹೆಂಡತಿ ನಡುವಿನ ಬೀಗ ಒಂದನ್ನೇ ಹಾಕಿಕೊಳ್ಳುತ್ತಿದ್ದಳು. ಅವನು ಮನೆಯಲ್ಲಿದ್ದರೆ ನಾಲ್ಕೂ ಬೀಳಲೇಬೇಕು.

"ಮನೇಲಿ ಗಂಡಸಿದ್ದಾಗ್ಲೇ ಹೆಚ್ಚು ಭಯ ನಮ್ಮನೇಲಿ," ಎಂದು ಅವಳು ಎದುರು ಮನೆಯ ದರ್ಜಿ ಹೆಂಗಸಿಗೆ ಹೇಳಿ ನಗುವುದು ಅವನ ಕಿವಿಗೂ ಬಿದ್ದಿತ್ತು.

ಈ ದರ್ಜಿ ಹೆಂಗಸಿನ ಮೇಲೂ ಅವನಿಗೆ ಒಂದು ಕಣ್ಣಿತ್ತು. ಕುತ್ತಿಗೆಗೆ ಅಳತೆಯ ಪಟ್ಟಿ ನೇತುಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತವಳು, ಪೆಡಲ್ ತುಳಿಯುತ್ತಲೇ ಆಗಾಗ ತಲೆ ಎತ್ತಿ ಇವರ ಬಾಗಿಲ ಕಡೆ ನೋಡುತ್ತಿದ್ದಳು. ಬಟ್ಟೆ ಹೊಲಿಯುವವಳಿಗೆ ಇನ್ನೊಬ್ಬರ ಬಾಗಿಲಲ್ಲಿ ಏನು ಕೆಲಸ? ಈಚೆಗಂತೂ ಆ ನೋಟ ಹೆಚ್ಚಾಗಿತ್ತು. ಇದರ ಜೊತೆಗೆ ಇನ್ನೊಂದು ಮುಳ್ಳು ಅವನ ಮನಸ್ಸಿನಲ್ಲಿತ್ತು. ಹೆಂಡತಿ ತನ್ನ ಬಳಿಯಿದ್ದ ನಡುಬೀಗದ ಕೈ ಸವೆದಿದೆ ಎಂದಿದ್ದಳು. ಅವನು ಹೊಸದೊಂದನ್ನು ಅರದಲ್ಲಿ ಉಜ್ಜಿ ಮಾಡಿಕೊಟ್ಟ. ಹಳೆಯದನ್ನು ಕೊಡು ಎಂದರೆ, "ಎಲ್ಲೋ ಇದೆ, ಸಿಗುತ್ತೆ ಬಿಡಿ," ಎನ್ನುತ್ತಿದ್ದಳು. ಬೀಗದವನ ಹೆಂಡತಿ ಬೀಗದ ಕೈ ವಿಷಯದಲ್ಲಿ "ಎಲ್ಲೋ ಇದೆ" ಎನ್ನುವುದೇ? ಅವನು ದಿನಕ್ಕೊಮ್ಮೆ ಕೇಳುವುದು, ಅವಳು ದಿನಕ್ಕೊಂದು ನೆಪ ಹೇಳುವುದು ನಡೆದೇ ಇತ್ತು.

ಇನ್ನು ಫೋನು. ಅದರ ಹಿಂದಿನ ಕಣ್ಣಿಗೂ ಮುಂದಿನ ಕಣ್ಣಿಗೂ ಅವನು ಕರೆಂಟಿನ ವೈರಿಗೆ ಸುತ್ತುವ ಕರಿ ಟೇಪನ್ನು ಉಗುರಿನಷ್ಟು ಕತ್ತರಿಸಿ ಅಂಟಿಸಿದ್ದ. ಕಿಂಡಿ ಯಾವುದಾದರೇನು, ಹೊರಗೆ ನೋಡುವ ಕಿಂಡಿಯಿಂದ ಒಳಗೂ ನೋಡಬಹುದು ಎಂಬುದು ಅವನ ವಾದ. ಹೆಂಡತಿಯ ತಮ್ಮ ದೂರದ ಊರಿಂದ ಅಕ್ಕನ ಮುಖ ನೋಡಬೇಕೆಂದು ವಿಡಿಯೋ ಕರೆ ಮಾಡಿದರೆ ಅವನಿಗೆ ಕಾಣುತ್ತಿದ್ದದ್ದು ಬರೀ ಕಪ್ಪು.

"ಬಾವಾ, ನಿಮ್ಮ ಮನೇಲಿ ಯಾವಾಗ್ಲೂ ಕರೆಂಟೇ ಇರಲ್ವಾ?" ಎಂದು ಅವನು ಕೇಳುತ್ತಿದ್ದ.

"ಇದೆ. ನಿನಗೆ ತೋರಿಸೋಕಿಲ್ಲ," ಎನ್ನುತ್ತಿದ್ದ ಚಿಲಕಪ್ಪ.

ಹಾಗೆ ಹಾಸ್ಯ ಮಾಡಿದ ಬಾವಮೈದನೇ ಮುಂದೆ ಒಂದು ದಿನ, ನಿಮಗೆ ಪಾರ್ಸೆಲ್ ಬಂದಿದೆ ಎಂಬ ಮೆಸೇಜು ನಂಬಿ ಅದರಲ್ಲಿದ್ದ ಲಿಂಕ್ ಒತ್ತಿ, ಬ್ಯಾಂಕಿನಲ್ಲಿ ಕೂಡಿಟ್ಟದ್ದನ್ನೆಲ್ಲ ಗುಡಿಸಿ ಗುಂಡಾಂತರ ಮಾಡಿಕೊಂಡ. ಅಂದಿನಿಂದ ಚಿಲಕಪ್ಪನ ಮಾತಿಗೆ ಕೊಂಬು ಬಂತು. ಊಟಕ್ಕೆ ಕೂತಾಗ, ಮಲಗುವಾಗ, ಹೆಂಡತಿಗೆ ಪಾಠ ಒಪ್ಪಿಸುವಂತೆ ಹೇಳುತ್ತಿದ್ದ.

"ನೆನಪಿಟ್ಕೋ. ಕಳ್ಳ ಮೊದಲು ಅವಸರ ಮಾಡ್ತಾನೆ. ಆಮೇಲೆ ಲಿಂಕ್ ಕಳಿಸ್ತಾನೆ. ಆಮೇಲೆ ಒಂದೊಂದಾಗಿ ಬಾಗಿಲು ತೆಗೆಸ್ತಾನೆ. ಇಷ್ಟೇ ಅವನ ವಿದ್ಯೆ."

"ಹಾಗಾದ್ರೆ ನಮ್ಮಪ್ಪ ನಿಮ್ಮನ್ನೇ ಅನುಮಾನ ಪಡ್ಬೇಕಿತ್ತು. ಮದುವೆಗೆ ಅವಸರ ಮಾಡಿದೋರು ನೀವೇ ತಾನೆ?"

ಅವನು ಫೋನಿನ ಟೇಪು ಸರಿಯಾಗಿದೆಯೇ ಎಂದು ಒತ್ತಿ ನೋಡುತ್ತಿದ್ದ.

ಅಂಗಡಿಗೆ ರಜೆಯ ದಿನ. ಮಧ್ಯಾಹ್ನದ ಊಟ ಮುಗಿದು ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಬಾಗಿಲಿಗೆ ನಾಲ್ಕೂ ಬಿದ್ದಿದ್ದವು. ಚಿಲಕಪ್ಪ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು, ಗೋದಾಮಿನವರು ರಿಪೇರಿಗೆ ಕೊಟ್ಟಿದ್ದ ತೆಂಗಿನಕಾಯಿ ಗಾತ್ರದ ಬೀಗವನ್ನು ಬಿಚ್ಚಿಟ್ಟುಕೊಂಡಿದ್ದ. ಹೆಂಡತಿ ಒಣಗಿದ ಬಟ್ಟೆಗಳ ರಾಶಿ ಹಾಕಿಕೊಂಡು ಹಾಸಿಗೆಯ ಹೊದಿಕೆ ಮಡಚುತ್ತಿದ್ದಳು.

"ರೀ, ಈ ತುದಿ ಹಿಡ್ಕೊಳ್ಳಿ ಸ್ವಲ್ಪ."

"ತಡಿ, ಸ್ಪ್ರಿಂಗ್ ಹಾರಿಹೋಗುತ್ತೆ."

"ಸ್ಪ್ರಿಂಗಿಗಿರೋ ಬೆಲೆ ನನಗಿಲ್ಲ ನೋಡಿ," ಎಂದಳು. ಅದರ ಮುಂದೆ ಇನ್ನೇನೋ ಹೇಳಬೇಕೆಂದು ಬಾಯಿ ತೆರೆದಳು. ಮಾತು ಬರಲಿಲ್ಲ. ಹೊದಿಕೆಯ ಸಮೇತ ಕುಸಿದು ಬಿದ್ದಳು.

ಮೊದಲು ಅವನು ಅದನ್ನೂ ನಂಬಲಿಲ್ಲ. "ಏ, ಆಟ ಆಡ್ಬೇಡ," ಎಂದ. ಹತ್ತಿರ ಹೋಗಿ ಭುಜ ಅಲುಗಿಸಿದ. ತಲೆ ಒಂದು ಕಡೆಗೆ ವಾಲಿತು. ಗಂಟಲಿನಿಂದ ಒಂದು ಗೊರಕೆ ಬಂತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ತುರ್ತು ಸಹಾಯದ ನಂಬರು ಅವನಿಗೆ ಗೊತ್ತಿತ್ತು. ಒತ್ತಿದ. ಒಬ್ಬ ಹೆಂಗಸಿನ ದನಿ ಬಂತು.

"ತುರ್ತು ಸಹಾಯ ಕೇಂದ್ರ. ಎಲ್ಲಿಂದ ಮಾತಾಡ್ತಿದೀರಿ? ವಿಳಾಸ ಹೇಳಿ."

ಗುರುತಿಲ್ಲದ ದನಿಗೆ ಅವನು ಈವರೆಗೆ ವಿಳಾಸ ಹೇಳಿದವನಲ್ಲ. ಬೀದಿಯ ಹೆಸರು ಹೇಳಿ ನಿಲ್ಲಿಸಿದ. ದನಿ ಮತ್ತೆ ಕೇಳಿತು. ಆಗ ಮನೆ ನಂಬರು, ಮಹಡಿ, ಒಂದೊಂದೇ ಹೊರಬಂದವು.

"ಸರಿ, ಆಂಬುಲೆನ್ಸ್ ಹೊರಟಿದೆ. ಫೋನ್ ಇಡ್ಬೇಡಿ, ಸ್ಪೀಕರಿಗೆ ಹಾಕಿ. ಅವರು ಕರೆದ್ರೆ ಓ ಅಂತಾರಾ?"

"ಇಲ್ಲ."

"ಉಸಿರಾಡ್ತಿದಾರಾ?"

"ಹ್ಞಾಂ, ಆಡ್ತಿದಾಳೆ. ಗೊರಕೆ ಹೊಡೀತಿದಾಳೆ. ನಿದ್ದೆ ಬಂದಿರೋ ಹಾಗಿದೆ."

"ಒಂದು ಗೊರಕೆಗೂ ಇನ್ನೊಂದಕ್ಕೂ ನಡುವೆ ತುಂಬಾ ಹೊತ್ತಾಗ್ತಿದೆಯಾ?"

ಅವನು ಕಾದ. ಗಡಿಯಾರದ ಸದ್ದು ಕೇಳಿತು. ಗೊರಕೆ ಬರಲಿಲ್ಲ. ಆಮೇಲೆ ಬಂತು. "ಬಂತು, ಬಂತು ನೋಡಿ, ಈಗ ಬಂತು," ಎಂದ.

"ಸರ್, ನಾನು ಅವರನ್ನ ನೋಡ್ಬೇಕು. ನಿಮ್ಮ ಫೋನಿಗೆ ಒಂದು ಮೆಸೇಜ್ ಕಳಿಸಿದೀನಿ. ಅದರಲ್ಲಿ ಒಂದು ಲಿಂಕ್ ಇದೆ. ಒತ್ತಿದ್ರೆ ಕ್ಯಾಮೆರಾ ಆನ್ ಆಗುತ್ತೆ, ನನಗೆ ಇಲ್ಲಿ ಕಾಣುತ್ತೆ. ಬೇಗ ಒತ್ತಿ."

ಬೇಗ. ಲಿಂಕ್. ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದಿದ್ದವು. ಹೊಸ ಹಗ್ಗ ಕಂಡ ಎತ್ತಿನ ಹಾಗೆ ಅವನ ಮನಸ್ಸು ಹಿಂದಕ್ಕೆ ಜಗ್ಗಿತು. ಟಿಣ್ ಎಂದು ಮೆಸೇಜು ಬಂದು ಬಿದ್ದಿತು. ನೀಲಿ ಅಕ್ಷರ, ಅರ್ಥವಿಲ್ಲದ ಉದ್ದ ಸಾಲು, ಬಾವಮೈದ ತೋರಿಸಿದ್ದ ಅದೇ ಥರದ್ದು. ಯಾರಿಗೆ ಗೊತ್ತು, ನಡುವೆ ಯಾರಾದರೂ ಕರೆಗೆ ಬಾಯಿ ಹಾಕಿದ್ದರೆ? ಇಂಥ ಹೊತ್ತಿಗೇ ತಾನೆ ಕಳ್ಳ ಕಾಯುವುದು?

"ಲಿಂಕ್ ಯಾಕೆ? ನಾನು ಹೇಳ್ತಿದೀನಲ್ಲ ಬಾಯಲ್ಲೇ. ಆಂಬುಲೆನ್ಸ್ ಕಳಿಸಿ ಸಾಕು."

"ಸರ್, ನೀವು ಹೇಳೋದು ಗೊರಕೆ. ಅದು ಗೊರಕೆ ಅಲ್ಲ ಅಂತ ನನಗನಿಸ್ತಿದೆ. ಸುಮ್ನೆ ಕೂರೋ ಹಾಗಿಲ್ಲ, ನೋಡ್ಬೇಕು."

"ನೀವು ಯಾರೂಂತ ನನಗೆ ಹೇಗಮ್ಮಾ ಗೊತ್ತಾಗ್ಬೇಕು?"

ದನಿ ಸಿಟ್ಟಿಲ್ಲದೆ ಹೇಳಿತು: "ಸರ್, ಫೋನ್ ಮಾಡಿದ್ದು ನೀವು. ನಾನಲ್ಲ."

ಈ ಮಾತು ಅವನ ಯಾವ ಬೀಗದಲ್ಲಿ ಹೊಕ್ಕು ತಿರುಗಿತೋ ಏನೋ. ಹೌದು, ಕಳ್ಳ ತಾನಾಗಿ ಬಂದು ಬಾಗಿಲು ತಟ್ಟುತ್ತಾನೆ. ಇಲ್ಲಿ ತಟ್ಟಿದವನು ತಾನು. ಅವನು ಕಣ್ಣು ಮುಚ್ಚಿಕೊಂಡು ಒತ್ತಿದ. ಫೋನು ಏನೋ ಕೇಳಿತು, ಒಪ್ಪಿಗೆ ಎಂದು ಒತ್ತಿದ. ಇನ್ನೇನೋ ಕೇಳಿತು, ಅದಕ್ಕೂ ಒತ್ತಿದ.

"ಏನೂ ಕಾಣ್ತಿಲ್ಲ ಸರ್. ಪೂರ್ತಿ ಕತ್ತಲೆ. ಅಲ್ಲಿ ಕರೆಂಟ್ ಇಲ್ವಾ?"

ಟೇಪು! ಎಷ್ಟೋ ಕಾಲದ ಹಿಂದೆ ಅಂಟಿಸಿದ್ದು, ಸುಲಭಕ್ಕೆ ಬರಬಾರದೆಂದೇ ಅಂಟಿಸಿದ್ದು. ಉಗುರಿನಿಂದ ಕೆರೆದ. ಮೂಲೆ ಸಿಗಲಿಲ್ಲ. ಅಂಟು ಒಣಗಿ ಗಾಜಿಗೆ ಚರ್ಮವಾಗಿತ್ತು. ಊರಿನ ಬೀಗಗಳನ್ನೆಲ್ಲ ಬಿಚ್ಚಿದ ಬೆರಳುಗಳು ತನ್ನದೇ ಒಂದು ಚೂರು ಟೇಪಿನ ಮುಂದೆ ಸೋತವು. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದ. ಕಿತ್ತು ಬಂತು.

"ಈಗ ಕಾಣ್ತು," ಎಂದಿತು ದನಿ, ಮತ್ತು ಕೂಡಲೇ, "ಅದು ಉಸಿರಲ್ಲ ಸರ್. ಎದೆ ಏಳ್ತಾ ಇಲ್ಲ. ಹೃದಯ ನಿಂತಿದೆ. ನಾವಿಬ್ಬರೂ ಸೇರಿ ಅದನ್ನ ನಡೆಸ್ಬೇಕು. ಅವರನ್ನ ಅಂಗಾತ ಮಲಗಿಸಿ. ಫೋನ್ ಯಾವುದಕ್ಕಾದ್ರೂ ಒರಗಿಸಿಡಿ, ನನಗೆ ನಿಮ್ಮ ಕೈ ಕಾಣೋ ಹಾಗೆ."

ಅವನು ಫೋನನ್ನು ಗೋದಾಮಿನ ಆ ದೊಡ್ಡ ಬೀಗಕ್ಕೆ ಒರಗಿಸಿದ. ಅಂಗೈ ಎದೆಯ ಮೇಲಿಟ್ಟ, ಅದರ ಮೇಲೆ ಇನ್ನೊಂದು ಕೈ. ಒತ್ತಿದ.

"ಕೆಳಗಾಯ್ತು, ಅದು ಹೊಟ್ಟೆ. ಮೇಲೆ ಬನ್ನಿ. ಇನ್ನೂ ಮೇಲೆ. ಎದೆಯ ನಡುವೆ. ಅಲ್ಲೇ! ಮೊಣಕೈ ಮಡಚ್ಬೇಡಿ, ನೆಟ್ಟಗಿರಲಿ. ನಿಮ್ಮ ಭಾರ ಬಿಡಿ. ಜೋರಾಗಿ. ಒತ್ತಿ, ಬಿಡಿ. ಒತ್ತಿ, ಬಿಡಿ."

ಕೈಯಡಿಯಲ್ಲಿ ಏನೋ ಲಟಕ್ ಎಂದಿತು.

"ಮುರೀತಮ್ಮಾ! ಏನೋ ಮುರೀತು!"

"ಮುರಿದದ್ದು ಕೂಡುತ್ತೆ ಸರ್. ನಿಲ್ಲಿಸ್ಬೇಡಿ. ಒತ್ತಿ."

ಬೀಗ ತೆಗೆಯುವುದರಲ್ಲಿ ಜೋರು ಎಂಬುದಕ್ಕೆ ಜಾಗವಿಲ್ಲ. ಬೆರಳ ತುದಿಯಿಂದ ಒಳಗಿನದ್ದನ್ನು ಕೇಳಿಸಿಕೊಳ್ಳಬೇಕು, ಅಷ್ಟೆ. ಜೀವಮಾನವೆಲ್ಲ ಹಾಗೆ ಬಾಳಿದವನು ಈಗ ಗಾಣಕ್ಕೆ ಕಟ್ಟಿದವನಂತೆ ಒತ್ತುತ್ತಿದ್ದ. ದನಿ ಎಣಿಸುತ್ತಿತ್ತು. ಅವನ ವೇಗ ಇಳಿದರೆ ತಾನು ಏರಿಸುತ್ತಿತ್ತು.

"ಸರ್, ನಿಲ್ಲಿಸದೆ ಕೇಳಿಸ್ಕೊಳ್ಳಿ. ನಿಮ್ಮ ಹಿಂದೆ ಕಾಣ್ತಿರೋದು ಮನೆ ಬಾಗಿಲಾ?"

"ಯಾಕೆ?"

"ಅದಕ್ಕೆ ಎಷ್ಟೊಂದು ಹಾಕಿದೀರಿ! ಮನೇಲಿ ಬೇರೆ ಯಾರಾದ್ರೂ ಇದಾರಾ?"

"ಇಲ್ಲ."

"ಹಾಗಾದ್ರೆ ಈಗ ಒಂದೇ ಸಲ ಎದ್ದು ಹೋಗಿ ಅಷ್ಟನ್ನೂ ತೆಗೆದು, ಪೂರ್ತಿ ತೆರೆದಿಟ್ಟು ಬನ್ನಿ. ಅಕ್ಕಪಕ್ಕದವರನ್ನ ಕೂಗಿ. ಓಡಿ."

ಅವಸರ, ಲಿಂಕ್, ಈಗ ಬಾಗಿಲು. ಕಳ್ಳನ ವಿದ್ಯೆಯ ಮೂರನೆಯ ಪಾಠವೂ ಬಂದಿತ್ತು, ಅದೇ ಕ್ರಮದಲ್ಲಿ. ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದು ತಾನೇ ಬಾಯಿ ಬಿಟ್ಟು ಹೇಳಿದ್ದ. ಹೊರಗೆ ಮೆಟ್ಟಿಲ ಮೇಲೆ ಯಾರೋ ಕಾಯುತ್ತ ನಿಂತಿದ್ದರೆ? ಅವನ ಕೈ ಒತ್ತುತ್ತಲೇ ಇತ್ತು, ತಲೆ ಬಾಗಿಲಿನ ಕಡೆಗೂ ಫೋನಿನ ಕಡೆಗೂ ತಿರುಗುತ್ತಿತ್ತು.

ಆಗ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಬಾಯಿ ಅರ್ಧ ತೆರೆದಿತ್ತು, ಹೇಳಬೇಕೆಂದದ್ದು ಹೇಳಲಾಗದೆ. ಕಳ್ಳ ಬಂದರೆ ಬರಲಿ. ಇವಳಿಗಿಂತ ದೊಡ್ಡದೇನಿದೆ ಈ ಮನೆಯಲ್ಲಿ ಕದಿಯುವುದಕ್ಕೆ?

ಎದ್ದು ಓಡಿದ. ಚಿಲಕ ಸರಿಸಿದ. ಸರಪಳಿ ಬಿಡಿಸಿದ. ನಡುವಿನ ಬೀಗ ತಿರುಗಿಸಿದ. ಕೆಳಗಿನದಕ್ಕೆ ಬೀಗದ ಕೈ ಬೇಕು. ಗಡಿಯಾರದ ಹತ್ತಿರ ಹೋದವನು ಆ ಹೊತ್ತಿನಲ್ಲೂ ಫೋನಿಗೆ ಬೆನ್ನು ಅಡ್ಡ ಹಿಡಿದು, ಅದರ ಹಿಂದೆ ಕೈ ಹಾಕಿದ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಬಗ್ಗಿ ಕೆಳಬೀಗ ತೆಗೆದು, ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿ ಕೂಗಿದ. ಏನೆಂದು ಕೂಗಿದನೋ ಅವನಿಗೇ ನೆನಪಿಲ್ಲ.

ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. ಅವನು ಮತ್ತೆ ಹೆಂಡತಿಯ ಎದೆಯ ಮೇಲೆ ಕೈಯಿಡುವಷ್ಟರಲ್ಲಿ ದರ್ಜಿ ಹೆಂಗಸು ಒಳಗೆ ಬಂದಿದ್ದಳು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು.

"ಅಯ್ಯೋ ಅಕ್ಕಾ!"

"ಅಮ್ಮಾ, ನೀವು ಅವರ ಎದುರು ಮಂಡಿಯೂರಿ," ಎಂದಿತು ಫೋನು. ಅವಳು ಬೆಚ್ಚಿದಳು, ಆದರೆ ಯಾರು ನೀನು ಎಂದು ಕೇಳಲಿಲ್ಲ. "ಅವರ ಕೈ ನೋಡ್ಕೊಳ್ಳಿ. ಅವರು ಸೋತ್ರೆ ನೀವು ಶುರು ಮಾಡ್ಬೇಕು. ಸರ್, ನಿಮ್ಮ ಮೊಣಕೈ ಮತ್ತೆ ಮಡಚ್ತಿದೆ. ಬಿಡಿ, ಈಗ ಅಮ್ಮ ಮಾಡ್ಲಿ."

ಪೆಡಲ್ ತುಳಿದು ತುಳಿದು ಒಂದೇ ಲಯಕ್ಕೆ ಪಳಗಿದವಳು ಅವಳು. ಅವಳ ಕೈ ಏರಿಳಿಯುವುದನ್ನು ಅವನು ಏದುಸಿರು ಬಿಡುತ್ತ ನೋಡಿದ. ಮತ್ತೆ ಅವನು, ಮತ್ತೆ ಅವಳು. ಹಾಗೆ ನಡೆದಿರುವಾಗ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಆಂಬುಲೆನ್ಸಿನವರು ಯಾವ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ನೇರ ಬಂದರು, ಎದೆಗೆ ಕರೆಂಟು ಕೊಡುವ ಯಂತ್ರದ ಪಟ್ಟಿ ಅಂಟಿಸಿದರು, ಎಲ್ಲರೂ ದೂರ ಸರೀರಿ ಎಂದರು. ಹೆಂಡತಿಯ ಮೈ ಒಮ್ಮೆ ಎಗರಿ ಬಿತ್ತು.

"ಸಾಕು ಸರ್. ಇನ್ನು ಅವರು ನೋಡ್ಕೋತಾರೆ," ಎಂದಿತು ದನಿ. ಅದು ಯಾವಾಗ ನಿಂತಿತೋ, ಅವನು ಗಮನಿಸಲಿಲ್ಲ.

ಆಸ್ಪತ್ರೆಯ ಉದ್ದ ಮೊಗಸಾಲೆಯಲ್ಲಿ ಅವನೂ ದರ್ಜಿ ಹೆಂಗಸೂ ಬೆಂಚಿನ ಮೇಲೆ ಕೂತಿದ್ದರು. ಹೃದಯ ಬಡಿಯುತ್ತಿದೆ, ಎಚ್ಚರವಾಗಲು ಕಾಯಬೇಕು ಎಂದು ವೈದ್ಯರು ಹೇಳಿ ಹೋಗಿದ್ದರು. ದರ್ಜಿ ಹೆಂಗಸು ಮನೆಗೆ ಹೋಗಿ ಅಕ್ಕನ ಬಟ್ಟೆ ತರುತ್ತೇನೆ ಎಂದು ಎದ್ದು, ಚೀಲದಿಂದ ಬೀಗದ ಕೈ ಗೊಂಚಲು ತೆಗೆದಳು. ಚಿಲಕಪ್ಪನ ಕಣ್ಣು ತಾನಾಗಿಯೇ ಅದರ ಮೇಲೆ ಹೋಯಿತು. ನಾಲ್ಕು ಇದ್ದವು. ಒಂದರ ಹಲ್ಲುಗಳನ್ನು ಅವನು ನಿದ್ದೆಯಲ್ಲಿ ತೋರಿಸಿದರೂ ಗುರುತು ಹಿಡಿಯುತ್ತಿದ್ದ. ಅವನೇ ಮಾಡಿದ್ದು. ಎಲ್ಲೋ ಇದೆ, ಸಿಗುತ್ತೆ ಎಂದದ್ದು ಇದೇ.

"ಇದು ನಿಮ್ಮ ಹತ್ರ ಹೇಗೆ ಬಂತು?" ದನಿಯಲ್ಲಿ ಹಳೆಯ ಚಿಲಕಪ್ಪ ಎದ್ದು ಕೂತಿದ್ದ.

ಅವಳು ಗೊಂಚಲನ್ನು ಮುಷ್ಟಿಯಲ್ಲಿ ಮುಚ್ಚಲಿಲ್ಲ. "ಅಕ್ಕಾನೇ ಕೊಟ್ರು."

"ಯಾಕೆ?"

"ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದ ಹಾಗಾಗುತ್ತೆ ಅಂತಿದ್ರು. ನಡುವೆ ಎರಡು ಸಲ ಕೂತು ಸುಧಾರಿಸ್ಕೊಂಡು ಬರೋರು. ನೀವು ಅಂಗಡೀಲಿರುವಾಗ ಬಿದ್ದುಬಿಟ್ರೆ ಬಾಗಿಲು ತೆಗೆಯೋರು ಯಾರು ಅಂತ ಕೊಟ್ರು. ಆಗಾಗ ಬಾಗಿಲ ಕಡೆ ಒಂದು ಕಣ್ಣಿಟ್ಟಿರು ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಎದೆ ವಿಷ್ಯ ಹೇಳಿದ್ರೆ ಕೀ ವಿಷ್ಯಾನೂ ಹೇಳ್ಬೇಕಾಗ್ತಿತ್ತು. ಕೀ ವಿಷ್ಯ ಗೊತ್ತಾದ್ರೆ ನೀವು ಬೀಗಾನೇ ಬದಲಾಯಿಸ್ತಿದ್ರಿ. ಅಲ್ವಾ ಅಣ್ಣಾ?"

ಹೌದು. ಬದಲಾಯಿಸುತ್ತಿದ್ದ. ಅದೇ ದಿನ ಬದಲಾಯಿಸುತ್ತಿದ್ದ. ಲೋಕದ ಮೇಲೆಲ್ಲ ಅನುಮಾನ ಪಟ್ಟವನು ಹೆಂಡತಿ ಮೆಟ್ಟಿಲ ನಡುವೆ ಕೂತು ಬರುವುದರ ಮೇಲೆ ಮಾತ್ರ ಅನುಮಾನ ಪಡಲಿಲ್ಲ. ಇನ್ನೊಂದು ಮಾತೂ ಅವನಿಗೆ ಹೊಳೆಯಿತು, ಹೊಳೆದು ಚುಚ್ಚಿತು: ಇವತ್ತು ತಾನು ಅಂಗಡಿಯಲ್ಲಿದ್ದಿದ್ದರೆ ಬಾಗಿಲಿಗೆ ಒಂದೇ ಬೀಗ ಇರುತ್ತಿತ್ತು, ಈ ಬೀಗದ ಕೈ ಸಾಕಾಗುತ್ತಿತ್ತು.

ಹೆಂಡತಿಗೆ ಎಚ್ಚರವಾಯಿತು. ಎಚ್ಚರವಾದವಳು ಮೊದಲು ಎದೆ ಮುಟ್ಟಿಕೊಂಡು ನರಳಿದಳು, ನೋವು ಯಾಕೆಂದು ನರ್ಸ್ ಹೇಳಿದ ಮೇಲೆ ಅವನನ್ನು ನೋಡಿದಳು. "ಹೊದಿಕೆ ತುದಿ ಹಿಡೀರಿ ಅಂದ್ರೆ ಪಕ್ಕೆಲುಬು ಮುರಿದಿಟ್ಟಿದೀರಂತೆ?" ಎಂದಳು. ದನಿ ಸಣ್ಣದಾಗಿತ್ತು, ನಾಲಿಗೆ ಮಾತ್ರ ಎಂದಿನದೇ. ಅವನು ಮುಖ ಗೋಡೆಗೆ ತಿರುಗಿಸಿಕೊಂಡ.

ಇಷ್ಟಾದರೂ ಅವನ ತಲೆಯಲ್ಲಿ ಒಂದು ಹುಳ ಕೊರೆಯುತ್ತಲೇ ಇತ್ತು. ಆ ವಿಡಿಯೋ ಎಲ್ಲಿ ಹೋಯಿತು? ತನ್ನ ಮನೆಯ ಬಾಗಿಲು, ನಾಲ್ಕೂ ಬೀಗ, ನೆಲದ ಮೇಲೆ ಬಿದ್ದಿದ್ದ ಹೆಂಡತಿ, ಗಡಿಯಾರದ ಹಿಂದೆ ಹೋದ ಕೈ, ಎಲ್ಲವೂ ಯಾವುದೋ ಯಂತ್ರದ ಹೊಟ್ಟೆಯಲ್ಲಿ ಕೂತಿದೆಯೇ? ಯಾರು ಬೇಕಾದರೂ ನೋಡಬಹುದೇ? ಉಪಕಾರ ಮಾಡಿದವರನ್ನು ಅನುಮಾನಿಸುವುದು ಉಂಡ ಮನೆಯ ಜಂತೆ ಎಣಿಸಿದಂತೆ ಎಂದು ಗೊತ್ತಿತ್ತು. ಎಣಿಸದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಯಿಂದಲೇ ಆ ಕೇಂದ್ರವನ್ನು ಹುಡುಕಿಕೊಂಡು ಹೋದ.

ಕಟ್ಟಡದ ಬಾಗಿಲು ಕಾರ್ಡು ತೋರಿಸಿದರೆ ತೆರೆಯುವಂಥದ್ದು. ಕಾವಲುಗಾರ ಇವನನ್ನು ಮೇಲಿಂದ ಕೆಳಗೆ ನೋಡಿದ. ಇವನು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ.

"ಯಾರು ಬೇಕು? ಬೀಗ ಯಾಕೆ ನೋಡ್ತಿದೀರಿ?"

"ಇದು ಗಟ್ಟಿಯಿಲ್ಲ," ಎಂದ ಚಿಲಕಪ್ಪ. ಇದರಿಂದ ಕಾವಲುಗಾರನ ಅನುಮಾನ ಕಡಿಮೆಯಾಗಲಿಲ್ಲ. ಬಂದ ಕಾರಣ ಹೇಳಿ, ಹೆಂಡತಿಯ ಸಂಗತಿ ಹೇಳಿ, ಬಹಳ ಹೊತ್ತು ಕಾದ ಮೇಲೆ ಕೆಳಗೆ ಒಬ್ಬಳು ಇಳಿದು ಬಂದಳು. ಅವನ ಮನಸ್ಸಿನಲ್ಲಿ ಆ ದನಿಗೆ ಎತ್ತರದ ಗಟ್ಟಿ ಹೆಂಗಸಿನ ರೂಪವಿತ್ತು. ಬಂದವಳು ಸಣಕಲಿ, ನೆಗಡಿಯಾಗಿ ಮೂಗು ಕೆಂಪಾಗಿತ್ತು.

"ಬಾಗಿಲಿನವರು!" ಎಂದಳು ನೋಡಿದ ಕೂಡಲೇ. "ಹೇಗಿದಾರೆ ಅವರು?"

"ಬೈತಿದಾಳೆ."

"ಹಾಗಾದ್ರೆ ಚೆನ್ನಾಗಿದಾರೆ," ಎಂದು ನಕ್ಕಳು.

ಅವನು ನಗಲಿಲ್ಲ. "ಅವತ್ತು ನೀವು ಏನೇನು ನೋಡಿದ್ರಿ?"

ಅವಳು ಯೋಚಿಸಿದಳು. "ಅವರ ಎದೆ. ನಿಮ್ಮ ಕೈ. ಆಮೇಲೆ ಆ ಬಾಗಿಲು. ಅಷ್ಟೇ ಸರ್. ಕರೆ ಮುಗಿದ ಮೇಲೆ ಚಿತ್ರ ನಮ್ಮ ಹತ್ರ ಉಳಿಯಲ್ಲ."

"ಗಡಿಯಾರ?"

"ಯಾವ ಗಡಿಯಾರ?"

ಅವನು ಅವಳ ಮುಖವನ್ನೇ ನೋಡಿದ. ನಿಜವಾಗಿಯೂ ನೋಡಿಲ್ಲವೋ, ನೋಡಿಲ್ಲವೆನ್ನುತ್ತಿದ್ದಾಳೋ? ಬೀಗವಾಗಿದ್ದರೆ ಬೆರಳಿಟ್ಟು ಹೇಳಬಹುದಿತ್ತು. ಮನುಷ್ಯರ ಮುಖದಲ್ಲಿ ಬೆರಳಿಡುವ ತೂತಿಲ್ಲ. ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು: ಅವಳಿಗೆ ಗೊತ್ತಿರದಿದ್ದದ್ದನ್ನು ಈಗ ತಾನೇ ಹೇಳಿಕೊಟ್ಟಂತಾಯಿತು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ.

"ಏನಿಲ್ಲ ಬಿಡಿ," ಎಂದ. ಕೈ ಮುಗಿಯಬೇಕೆನಿಸಿತು. ಮುಗಿದ. ಹೊರಡುವಾಗ ತಿರುಗಿ ಹೇಳಿದ: "ನಿಮ್ಮ ಈ ಬಾಗಿಲು ಗಟ್ಟಿಯಿಲ್ಲಮ್ಮ. ಯಾರಿಗಾದ್ರೂ ಹೇಳಿ ಸರಿ ಮಾಡಿಸ್ಕೊಳ್ಳಿ. ನೀವು ಒಳಗಿರೋ ಜಾಗ."

ಹೆಂಡತಿ ಮನೆಗೆ ಬರುವ ಹಿಂದಿನ ದಿನ ಅವನು ಕೆಳಬೀಗವನ್ನು ಬಿಚ್ಚಿ ತೆಗೆದ. ಸರಪಳಿಯನ್ನೂ ತೆಗೆದ. ಚಿಲಕ, ನಡುಬೀಗ ಉಳಿದವು. ಬಾಗಿಲಿನ ಮೇಲೆ ಸ್ಕ್ರೂಗಳ ತೂತು ಸಿಡುಬಿನ ಕಲೆಗಳಂತೆ ಉಳಿದವು. ಅದನ್ನು ನೋಡಿದ ಹೆಂಡತಿ ಹೊಸಿಲ ಮೇಲೆ ನಿಂತು ಸುಧಾರಿಸಿಕೊಳ್ಳುತ್ತ ಹೇಳಿದಳು: "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರೆ. ನೀವೊಬ್ರೇ ನೋಡಿ ತೆಗೆದೋರು."

ಫೋನಿಗೆ ಅವನು ಮತ್ತೆ ಕರಿ ಟೇಪು ಅಂಟಿಸಿದ್ದ. ಅದನ್ನು ಬಿಡುವವನಲ್ಲ. ಆದರೆ ಈ ಸಲ ಒಂದು ಮೂಲೆಯನ್ನು ಒಳಮಡಚಿ ಬಾಲ ಬಿಟ್ಟಿದ್ದ. ಆ ಬಾಲ ಹಿಡಿದರೆ 'ಚರ್' ಎಂದು ಒಂದೇ ಎಳೆತಕ್ಕೆ ಬರುತ್ತದೆ. ಹೆಂಡತಿಯ ಕೈಯಲ್ಲಿ ಮೂರು ನಾಲ್ಕು ಸಲ ಕೀಳಿಸಿ, ಅಂಟಿಸಿ, ಮತ್ತೆ ಕೀಳಿಸಿದ.

ಆಮೇಲೆ ಎದುರು ಮನೆಗೆ ಹೋಗಿ ಕೈ ಚಾಚಿದ. ದರ್ಜಿ ಹೆಂಗಸಿನ ಮುಖ ಸಪ್ಪಗಾಯಿತು. ಗೊಂಚಲಿನಿಂದ ಹಳೆಯ ಬೀಗದ ಕೈಯನ್ನು ಬಿಡಿಸಿ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಸವೆದಿದೆ. ಅವಸರದಲ್ಲಿ ಕೈ ಕೊಡುತ್ತೆ," ಎಂದು, ಜೇಬಿನಿಂದ ಹೊಸದಾಗಿ ಮಾಡಿದ್ದೊಂದನ್ನು ತೆಗೆದು ಅವಳ ಕೈಗಿಟ್ಟ. ಹಾಗೆ ಕೊಟ್ಟು ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಮತ್ತೆ ಇಸಿದುಕೊಂಡು ತನ್ನ ಮನೆಯ ಬಾಗಿಲೆಳೆದುಕೊಂಡು, ಹೊರಗಿನಿಂದ ಬೀಗದಲ್ಲಿ ಹಾಕಿ ಒಮ್ಮೆ ತಿರುಗಿಸಿದ. ಸರಾಗವಾಗಿ ತಿರುಗಿತು. ಇನ್ನೊಮ್ಮೆ ತಿರುಗಿಸಿದ.

ಒಳಗಿನಿಂದ ಹೆಂಡತಿಯ ದನಿ ಬಂತು. "ಯಾರದು?"

"ನಾನೇ ಕಣೇ."

"ನೀವೇ ಅಂತ ಏನು ಸಾಕ್ಷಿ?"